ಕಾಫಿ ತೋಟದಲ್ಲೊಂದು ಸೆಕ್ಸ್ಟೆಂಟ್

ಜುಲೈ ತಿಂಗಳಲ್ಲಿ ಕೊಡಗಿನ ಹವಾಮಾನ ಹೇಳುವುದಕ್ಕೆ ಯಾವ ವಿದ್ಯೆಯೂ ಬೇಡ. ದಿನಾ ಬೆಳಿಗ್ಗೆ ಎದ್ದು "ಇವತ್ತು ಮಳೆ" ಅಂದರೆ ಸಾಕು, ತಿಂಗಳ ಕೊನೆಗೆ ಊರೆಲ್ಲ ನಿಮ್ಮನ್ನು ಬಲ್ಲವರು ಅನ್ನುತ್ತದೆ. ಭಾಗಮಂಡಲದ ಕಡೆಯವರಾದರೆ ಕೇಳುವುದೇ ಬೇಡ. ಹಾಯಿಹಡಗಿನವರ ಹಳೆಯ ವಿದ್ಯೆ ಕಲಿಯಬೇಕು, ಮೋಡ, ಗಾಳಿ, ವಾಯುಭಾರ ನೋಡಿ ಮುಂದಿನ ಹವೆ ಹೇಳಬೇಕು, ಸೂರ್ಯ ನಕ್ಷತ್ರ ನೋಡಿ ನಾನಿರುವ ಜಾಗ ಗುರುತಿಸಬೇಕು ಅಂತ ನಾನು ಹೊರಟಾಗ ನನ್ನ ಸೋದರಮಾವ ಹಾಕಿದ ಷರತ್ತು ಒಂದೇ: "ಮಳೆಗಾಲದಲ್ಲಿ ಸರಿ ಹೇಳಿದ್ದು ಲೆಕ್ಕಕ್ಕಿಲ್ಲ. ಫೆಬ್ರವರಿ, ಮಾರ್ಚಲ್ಲಿ ಹೇಳು, ನೋಡುವ."

ಮಾವ ಸರಕು ಹಡಗುಗಳಲ್ಲಿ ಸೆಕೆಂಡ್ ಆಫೀಸರ್ ಆಗಿದ್ದವರು. ಹಡಗಿನಲ್ಲಿ ದಾರಿಯ ಲೆಕ್ಕ ನೋಡಿಕೊಳ್ಳುವ ಹುದ್ದೆ ಅದು. ಕೆಲಸ ಬಿಟ್ಟು ಚೇರಂಬಾಣೆ ಕಡೆಯ ತೋಟಕ್ಕೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಸೂರ್ಯ, ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿವೆ ಅಂತ ಅಳೆಯುವ ಒಂದು ಸೆಕ್ಸ್ಟೆಂಟ್, ವಾಯುಭಾರ ಅಳೆಯುವ ಒಂದು ಬ್ಯಾರೋಮೀಟರ್ ಇದ್ದವು. ನನ್ನ ಪಾಲಿಗೆ ಕಡಲೆಂದರೆ ಮಂಗಳೂರಿನ ಗೆಳತಿಯ ಪುಟ್ಟ ಹಾಯಿದೋಣಿ. ಕಾಫಿ ಕೊಯ್ಲಿನ ನಡುವೆ ಎರಡು ದಿನ ಕದ್ದುಕೊಂಡು ಅಲ್ಲಿಗೆ ಓಡುತ್ತೇನೆ. ಉಳಿದ ಅಭ್ಯಾಸವೆಲ್ಲ ಬೆಟ್ಟದ ಮೇಲೆ, ತೋಟದೊಳಗೆ. ಕಡಲಿಲ್ಲದ ಜಿಲ್ಲೆಯಲ್ಲಿ ಕೂತು ಕಡಲಿನ ವಿದ್ಯೆ ಕಲಿಯುವುದು ಹುಚ್ಚಾಟ ಅಂತ ಮನೆಯವರಿಗೆ ಅನ್ನಿಸಿದ್ದು ಸಹಜ. ನನಗೆ ಅದರಿಂದ ಸಿಕ್ಕಿದ್ದು ಬೇರೆಯೇ. ಯಾವ ಲಕ್ಷಣ ಕಡಲಿನಿಂದ ಘಟ್ಟ ಹತ್ತಿ ಬರುತ್ತದೆ, ಯಾವುದು ಘಟ್ಟದ ಬುಡದ ಸಂಪಾಜೆಯಲ್ಲೇ ಉಳಿದುಬಿಡುತ್ತದೆ ಅನ್ನುವುದು ಇಲ್ಲಿ ಕೂತರೇ ತಿಳಿಯುವುದು.

ಮಾವನ ವಿಧಾನ ಸರಳ. ಬೆಳಿಗ್ಗೆ ಏಳಕ್ಕೆ ಪುಸ್ತಕ ತೆರೆಯುವುದು. ಮೋಡದ ಬಗೆ, ಮೋಡ ಹೋಗುತ್ತಿರುವ ದಿಕ್ಕು, ವಾಯುಭಾರ, ಅದನ್ನು ನೋಡಿದ ಗಂಟೆ. ಆಮೇಲೆ ಮುಂದಿನ ಇಪ್ಪತ್ತನಾಲ್ಕು ಗಂಟೆಗೆ ನಮ್ಮ ಊಹೆ, ಶಾಯಿಯಲ್ಲಿ. ಅದಾದ ಮೇಲೆ ಮಾತ್ರ ಮೊಬೈಲಿನಲ್ಲಿ ಹವಾಮಾನ ಇಲಾಖೆ ಏನು ಹೇಳಿದೆ ನೋಡುವುದು. ಮರುದಿನ ಅದೇ ಸಾಲಿನ ಕೊನೆಗೆ ಬಿದ್ದ ಮಳೆ. ಈ ಕೊನೆಯ ಕಲಂ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಮಾತಾಡುವ ಜನ ನಾವು, ಮದುವೆ ಮನೆಯಲ್ಲಿ ಎದುರಾದರೂ ಕ್ಷೇಮ ಸಮಾಚಾರಕ್ಕೆ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತಲೇ ಕೇಳುವುದು. ಹಳೆ ತೋಟಗಳಲ್ಲಿ ತಾತಂದಿರ ಕಾಲದ ಮಳೆ ಪುಸ್ತಕಗಳಿವೆ. ಆ ಪುಸ್ತಕಗಳಲ್ಲಿ ಇಲ್ಲದ್ದು ಊಹೆಯ ಕಲಂ ಒಂದೇ. ಬಿದ್ದ ಮಳೆ ಎಲ್ಲರೂ ಬರೆದಿಟ್ಟಿದ್ದಾರೆ, ಬೀಳುತ್ತದೆ ಅಂತ ಅಂದುಕೊಂಡದ್ದನ್ನು ಯಾರೂ ಬರೆದಿಲ್ಲ.

ಕಡಲಿನಿಂದ ದೂರ ಇದ್ದೇವೆ ಅನ್ನುವುದೂ ಅರ್ಧ ಸತ್ಯ. ತಲಕಾವೇರಿಯಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ ಕಾಸರಗೋಡಿನ ಕಡಲತೀರ ಅರುವತ್ತು ಕಿಲೋಮೀಟರಿಗೂ ಕಡಿಮೆ. ತಲಕಾವೇರಿ ಸಮುದ್ರಮಟ್ಟದಿಂದ 1276 ಮೀಟರ್ ಎತ್ತರ. ಅಷ್ಟು ಎತ್ತರದಲ್ಲಿ ನಿಂತವರಿಗೆ ದಿಗಂತ ನೂರಿಪ್ಪತ್ತು ಕಿಲೋಮೀಟರಿಗೂ ಆಚೆ ಇರುತ್ತದೆ. ಅಂದರೆ ಹವೆ ತಿಳಿಯಾಗಿದ್ದರೆ ಬೆಟ್ಟದ ಮೇಲಿನಿಂದ ಕಾಣುವ ಕಡಲು ದಡದ ಅಂಚಷ್ಟೇ ಅಲ್ಲ, ಸಾಕಷ್ಟು ಒಳಗಿನದೂ ಹೌದು.

ಗಾಳಿಯ ಲೆಕ್ಕದಲ್ಲಂತೂ ನಾವು ಕಡಲಿನ ಮಧ್ಯದಲ್ಲೇ ಇದ್ದೇವೆ. ಮುಂಗಾರಿನಲ್ಲಿ ಭೂಮಧ್ಯರೇಖೆಯ ಆಚೆಯಿಂದ ಹೊರಟು, ಕೀನ್ಯಾ, ಸೊಮಾಲಿಯಾದ ಕರಾವಳಿ ಬಳಸಿ, ಅರಬ್ಬೀ ಸಮುದ್ರ ದಾಟಿ ಪಶ್ಚಿಮ ಘಟ್ಟಕ್ಕೆ ಬಡಿಯುವ ಗಾಳಿಯ ಹೊಳೆಯೊಂದಿದೆ. ಅದರ ಪೂರ್ತಿ ಜಾಡನ್ನು 1969ರಲ್ಲಿ ಫಿಂಡ್‌ಲೇಟರ್ ಎಂಬ ಹವಾಮಾನ ತಜ್ಞರು ಗುರುತಿಸಿ ಪ್ರಕಟಿಸಿದರು. ಆ ಗಾಳಿ ಅತಿ ಜೋರಾಗಿರುವುದು ನೀರಿನ ಮಟ್ಟದಲ್ಲಲ್ಲ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ತಡಿಯಂಡಮೋಳ್ ಶಿಖರ 1748 ಮೀಟರ್. ಅರಬ್ಬರ ಹಾಯಿಹಡಗುಗಳು ಕಡಲಿನ ಮೇಲೆ ಈ ಗಾಳಿಯ ಕೆಳಪದರವನ್ನು ಹಿಡಿದು ಬಂದವು. ಅದರ ನಡುಭಾಗ ಬಂದು ತಾಗುವುದು ನಮ್ಮ ಬೆಟ್ಟದ ಸಾಲಿಗೆ. ಜೂನ್‌ನಲ್ಲಿ ತಲಕಾವೇರಿಯ ಮೆಟ್ಟಿಲ ಮೇಲೆ ಕೊಡೆ ಹಿಡಿಯಲು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಾಳಿಯ ಜೋರನ್ನು ಕಣ್ಣಳತೆಯಲ್ಲಿ ಹೇಳುವುದು ಮೊದಲ ಪಾಠ. ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ 1805ರ ಹೊತ್ತಿಗೆ ಮಾಡಿಕೊಂಡ ಮಾಪನ ಇವತ್ತಿಗೂ ಬಳಕೆಯಲ್ಲಿದೆ. ಯುದ್ಧದ ಹಡಗು ಎಷ್ಟು ಹಾಯಿ ತಾಳಬಲ್ಲದು ಅನ್ನುವುದರ ಮೇಲೆ ನಿಂತಿದ್ದ ಲೆಕ್ಕ ಅದು. ನೆಲದ ಮೇಲಿನವರಿಗಾಗಿ ಮರದ ಲಕ್ಷಣಗಳನ್ನು ಆಮೇಲೆ ಸೇರಿಸಿದರು. ಎಲೆ ಸರಸರ ಅಂದರೆ ಎರಡು, ಸಣ್ಣ ಕೊಂಬೆ ಆಡಿದರೆ ನಾಲ್ಕು, ಇಡೀ ಮರ ಓಲಾಡಿದರೆ ಏಳು. ನಮ್ಮ ತೋಟಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮರ ಸಿಲ್ವರ್ ಓಕ್. ಗಾಳಿ ಒಂದು ಮಟ್ಟ ದಾಟಿದ ಕೂಡಲೇ ಎಲೆಗಳು ಮಗುಚಿ ಬಿಳಿಯ ಬೆನ್ನು ತೋರಿಸುತ್ತವೆ. ದೂರದ ಗುಡ್ಡದ ಮರಗಳು ಬಿಳಿಯಾಗುತ್ತಾ ಬಂದರೆ ಗಾಳಿಯ ಹೊಡೆತ ಎಷ್ಟು ಹೊತ್ತಿಗೆ ನಮ್ಮಲ್ಲಿಗೆ ಮುಟ್ಟುತ್ತದೆ ಅಂತ ಎಣಿಸಬಹುದು. ದೋಣಿಯಲ್ಲಿ ಕೂತಾಗ ನೀರಿನ ಮೇಲೆ ಕಪ್ಪಾಗಿ ಓಡಿ ಬರುವ ಸುಕ್ಕನ್ನು ನೋಡಿ ಹಾಯಿಯ ಹಗ್ಗ ಸಡಿಲಿಸುವುದೂ ಇದೇ ಎಣಿಕೆ. ಇದು ಘಟ್ಟ ಹತ್ತಿ ಬಂದ ವಿದ್ಯೆ.

ಹತ್ತದೇ ಉಳಿದದ್ದು ಬೇಕಾದಷ್ಟಿದೆ. ಹಾಯಿ ಕಲಿಸುವ ಇಂಗ್ಲಿಷ್ ಪುಸ್ತಕ ಯಾವುದನ್ನು ತೆರೆದರೂ ಸಂಜೆ ಆಕಾಶ ಕೆಂಪಾದರೆ ನಾವಿಕನಿಗೆ ಖುಷಿ, ಬೆಳಿಗ್ಗೆ ಕೆಂಪಾದರೆ ಎಚ್ಚರ ಅನ್ನುವ ಮಾತಿರುತ್ತದೆ. ಅವರ ನಾಡಿನಲ್ಲಿ ಹವೆ ಬರುವುದು ಪಡುವಣದಿಂದ. ಸಂಜೆಯ ಸೂರ್ಯ ಕೆಂಪಗೆ ಕಂಡರೆ ಪಡುವಣ ತಿಳಿಯಾಗಿದೆ, ನಾಳೆ ಬರುವುದೂ ಆ ತಿಳಿಯೇ ಅಂತ ಲೆಕ್ಕ. ಕೊಡಗಿನಲ್ಲಿ ಮುಂಗಾರು ಪಡುವಣದಿಂದಲೇ ಬರುತ್ತದೆ ನಿಜ, ಆದರೆ ಆಗ ಸೂರ್ಯಾಸ್ತ ನೋಡಿದವರು ಯಾರು? ಸೂರ್ಯ ಕಾಣುವ ಅಕ್ಟೋಬರ್, ನವೆಂಬರಿನಲ್ಲಿ ಮಳೆ ಬಂಗಾಳ ಕೊಲ್ಲಿಯ ಕಡೆಯಿಂದ ಬರುತ್ತದೆ. ಕಣದಲ್ಲಿ ಕಾಫಿ ಹರವಿದವರು ಸಂಜೆಗೆಂಪು ನೋಡಿ ನೆಮ್ಮದಿಯಾಗಿ ಮಲಗಿದರೆ ಬೆಳಿಗ್ಗೆ ತಾಡಪಾಲು ಹುಡುಕಬೇಕಾದೀತು.

ಇನ್ನೊಂದು ಸೂತ್ರವಿದೆ. ಕೆಳಗಿನ ಗಾಳಿಗೆ ಬೆನ್ನು ಕೊಟ್ಟು ನಿಂತು ಎತ್ತರದ ಮೋಡ ಎಡದಿಂದ ಬಂದರೆ ಹವೆ ಕೆಡುತ್ತದೆ, ಬಲದಿಂದ ಬಂದರೆ ಸುಧಾರಿಸುತ್ತದೆ. ಉತ್ತರದ ತಂಪು ನಾಡುಗಳಲ್ಲಿ ಒಳ್ಳೆಯ ಸೂತ್ರವೇ. ಇಲ್ಲಿ ಜುಲೈನಲ್ಲಿ ಅಪರೂಪಕ್ಕೆ ಮೋಡ ಹರಿದಾಗ ಮೇಲೆ ನೋಡಿ: ಕೆಳಗಿನ ಕಪ್ಪು ಮೋಡ ಪಡುವಣದಿಂದ ಮೂಡಣಕ್ಕೆ ಧಾವಿಸುತ್ತಿರುತ್ತದೆ, ಅದರ ಮೇಲೆ ಬಹಳ ಎತ್ತರದಲ್ಲಿ ಬೆಳ್ಳನೆಯ ಎಳೆಮೋಡ ಮೂಡಣದಿಂದ ಪಡುವಣಕ್ಕೆ ಹೋಗುತ್ತಿರುತ್ತದೆ. ಹದಿನಾಲ್ಕು, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಮುಂಗಾರಿನುದ್ದಕ್ಕೂ ಬೀಸುವ ಮೂಡಣ ಗಾಳಿ ಅದು. ಎರಡು ಗಾಳಿ ಎದುರುಬದುರಾಗಿರುವುದೇ ಇಲ್ಲಿನ ದಿನನಿತ್ಯದ ಸ್ಥಿತಿಯಾದಾಗ ಆ ಸೂತ್ರ ಹಿಡಿದು ಏನು ಮಾಡುವುದು?

ಇಷ್ಟಾದ ಮೇಲೆ ನನಗೆ ಗಟ್ಟಿಯಾದ ತೀರ್ಮಾನ ಒಂದು: ಲಕ್ಷಣವನ್ನು ಕಾರಣದ ಸಮೇತ ಕಲಿತರೆ ಅದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದೂ ಜೊತೆಗೇ ಸಿಗುತ್ತದೆ. ಬರೀ ಗಾದೆಯಾಗಿ ಕಲಿತರೆ ಸಿಗುವುದಿಲ್ಲ. ಇದು ಇಂಗ್ಲಿಷ್ ಗಾದೆಗಷ್ಟೇ ಅಲ್ಲ, ನಮ್ಮ ಮಳೆನಕ್ಷತ್ರದ ಗಾದೆಗಳಿಗೂ ಸೇರಿಸಿ ಹೇಳುತ್ತಿರುವ ಮಾತು. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುವುದು ಬಯಲುಸೀಮೆಯ ಹೊಲದ ಮಾತು. ಆಗಸ್ಟ್ ಕೊನೆಯಲ್ಲಿ ಮಘೆ ಹಾಗೆ ಸುರಿದರೆ ನಮ್ಮಲ್ಲಿ ಕಾಫಿಗೆ ಕೊಳೆರೋಗ, ಕಾಯಿ ಉದುರುವುದು. "ಆಶ್ಲೇಷ ಮಳೆ ಈಸಲಾರದ ಹೊಳೆ" ಅನ್ನುವುದು ಮಾತ್ರ ಇಲ್ಲಿ ಚೆನ್ನಾಗಿ ಕೂರುತ್ತದೆ. ಆಶ್ಲೇಷ ಅಂದರೆ ಆಗಸ್ಟ್ ಮೊದಲ ಎರಡು ವಾರ. 2019ರ ಪ್ರವಾಹ, 2020ರ ಆಗಸ್ಟ್ 6ರ ಬ್ರಹ್ಮಗಿರಿ ಕುಸಿತ ಎರಡೂ ಆಶ್ಲೇಷದಲ್ಲೇ ಆದವು. 2018ರ ಭೂಕುಸಿತಗಳು ಆಶ್ಲೇಷ ಮುಗಿದು ಮಘೆ ಹಿಡಿಯುವ ದಿನಗಳಲ್ಲಿ.

ಗಾದೆಗಳಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ಮಳೆನಕ್ಷತ್ರ ನಿರ್ಧಾರವಾಗುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದರಿಂದ. ಋತು ನಿರ್ಧಾರವಾಗುವುದು ಭೂಮಿಯ ಓಲಿನಿಂದ. ಇವೆರಡರ ನಡುವೆ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತಾ ಹೋಗುತ್ತದೆ. ಗಾದೆಗೆ ಸಾವಿರ ವರ್ಷ ವಯಸ್ಸಾಗಿದ್ದರೆ ಹದಿನಾಲ್ಕು ದಿನ, ಅಂದರೆ ಪೂರ್ತಿ ಒಂದು ಮಳೆನಕ್ಷತ್ರ ಜಾರಿರುತ್ತದೆ. ಅಂದಿನ ಮೃಗಶಿರ ಬೀಳುತ್ತಿದ್ದ ಋತುವಿನಲ್ಲಿ ಇಂದು ಬೀಳುವುದು ರೋಹಿಣಿ. (ಇರುವೆ ಮೊಟ್ಟೆ ಹೊತ್ತುಕೊಂಡು ಹೋಗುವುದು, ರೆಕ್ಕೆಹುಳು ಏಳುವುದು ಇವನ್ನೂ ಪುಸ್ತಕದಲ್ಲಿ ಬರೆದು ನೋಡಿದೆ. ಮಳೆ ಬಂದ ದಿನ ಇರುವೆ ಎಲ್ಲರಿಗೂ ನೆನಪಿರುತ್ತದೆ, ಬಾರದ ದಿನ ಯಾರಿಗೂ ನೆನಪಿರುವುದಿಲ್ಲ. ಅಷ್ಟೇ ಹೇಳುತ್ತೇನೆ.)

ವಾಯುಭಾರದ ಪಾಠಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಮಾವನ ಹಡಗಿನ ಬ್ಯಾರೋಮೀಟರ್ ಇಲ್ಲಿ ಗೋಡೆಯ ಅಲಂಕಾರವಾಗಿದೆ. ಸಮುದ್ರಮಟ್ಟದಲ್ಲಿ 1010 ಹೆಕ್ಟೊಪ್ಯಾಸ್ಕಲ್ ಆಸುಪಾಸು ಇರುವ ವಾಯುಭಾರ ಮಡಿಕೇರಿಯ ಎತ್ತರಕ್ಕೆ 885ರ ಸುಮಾರಿಗೆ ಇಳಿದಿರುತ್ತದೆ. ಅಷ್ಟು ಕೆಳಗಿನ ಅಂಕಿ ಹಡಗಿನ ಬ್ಯಾರೋಮೀಟರಿನ ತಟ್ಟೆಯ ಮೇಲೆ ಇಲ್ಲವೇ ಇಲ್ಲ. ಹಾಗಾಗಿ ಬೆಟ್ಟ ಹತ್ತುವವರು ಬಳಸುವ ಎತ್ತರಮಾಪಕವನ್ನೇ ಗೋಡೆಗೆ ತೂಗುಹಾಕಿದ್ದೇನೆ. ಒಳಗಿರುವುದು ಅದೇ ಯಂತ್ರ, ಅಂಕಿಗಳು ಮಾತ್ರ ಮೀಟರಿನಲ್ಲಿ. ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನಮ್ಮ ಮನೆ ಹತ್ತಿರ ಹತ್ತಿರ ಹತ್ತು ಮೀಟರ್ ಮೇಲೇರಿದಂತೆ ತೋರಿಸುತ್ತದೆ.

ಹೀಗೆ ತೂಗುಹಾಕಿದ ಮೇಲೆ ತಿಳಿದದ್ದು, ನಮ್ಮ ಮನೆ ದಿನಾ ಹತ್ತಿ ಇಳಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ತಳದಲ್ಲಿರುತ್ತದೆ, ಸಂಜೆ ನಾಲ್ಕಕ್ಕೆ ಇಪ್ಪತ್ತೈದು ಮೂವತ್ತು ಮೀಟರ್ ಮೇಲೆ, ರಾತ್ರಿ ಹತ್ತಕ್ಕೆ ಮತ್ತೆ ಕೆಳಗೆ, ಬೆಳಗಿನ ಜಾವ ಮತ್ತೆ ಸ್ವಲ್ಪ ಮೇಲೆ. ಬಿಸಿಲಿನ ಕಾವಿಗೆ ಇಡೀ ವಾತಾವರಣದಲ್ಲಿ ಏಳುವ ಉಬ್ಬರವಿಳಿತ ಇದು. ಉಷ್ಣವಲಯದಲ್ಲಿ ಇದರ ತಾಳ ಗಡಿಯಾರಕ್ಕೆ ಸಮ, ಲಂಡನ್ನಿನ ಕಡೆ ಇದು ಕಣ್ಣಿಗೆ ಬೀಳುವುದೇ ಕಷ್ಟ. ಅಲ್ಲಿನ ಪುಸ್ತಕಗಳು ಕೆಲವೇ ಗಂಟೆಗಳಲ್ಲಿ ವಾಯುಭಾರ ಮೂರು ಹೆಕ್ಟೊಪ್ಯಾಸ್ಕಲ್ ಇಳಿದರೆ ಗಾಳಿಗೆ ಸಿದ್ಧರಾಗಿ ಅನ್ನುತ್ತವೆ. ಆ ಮಾತು ನಂಬಿದರೆ ನಾವು ದಿನಾ ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಬಾಗಿಲು ಭದ್ರಪಡಿಸಬೇಕು.

ಉಷ್ಣವಲಯದ ಕಡಲಿಗೆ ಹೋಗುವ ನಾವಿಕರಿಗೆ ಬೇರೆ ನಿಯಮ ಇದೆ. ಮೊದಲು ಆ ತಿಂಗಳಿನ, ಆ ಗಂಟೆಯ ಸರಾಸರಿ ಗೊತ್ತಿರಬೇಕು. ಅದಕ್ಕಿಂತ ಮೂರು ಕಡಿಮೆಯಾದರೆ ಅನುಮಾನ ಪಡು. ಐದು ಕಡಿಮೆಯಾದರೆ ಚಂಡಮಾರುತ ಹತ್ತಿರದಲ್ಲಿದೆ ಅಂತಲೇ ತಿಳಿ. ಈ ಸರಾಸರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಸ್ವಂತ ಪುಸ್ತಕದಲ್ಲೇ ಕೂಡಿಸಿಕೊಳ್ಳಬೇಕು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಆಚೆ ಉತ್ತರಕ್ಕೆ ಸಾಗಿದಾಗ ನನಗೆ ಈ ನಿಯಮದ ಅರ್ಥ ಆಯಿತು. ಸಂಜೆ ಏರಿದ ಮನೆ ರಾತ್ರಿ ಎಂದಿನಷ್ಟು ಇಳಿಯಲಿಲ್ಲ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ವಾಯುಭಾರ ನಿಮ್ಮ ಎಡಕ್ಕಿರುತ್ತದೆ ಅನ್ನುವುದು ಡಚ್ ವಿಜ್ಞಾನಿ ಬೈಸ್ ಬ್ಯಾಲೊ 1857ರಲ್ಲಿ ಹೇಳಿದ ನಿಯಮ. ಕಣಿವೆಯೊಳಗಿನ ಗಾಳಿ ಹೊಳೆಯ ಗುಂಟ ತಿರುಗುವುದರಿಂದ ಅದನ್ನು ನಂಬುವಂತಿಲ್ಲ, ಮೋಡ ಹೋಗುವ ದಿಕ್ಕು ಹಿಡಿಯಬೇಕು. ಅವತ್ತು ಕೆಳಮೋಡ ತೆಂಕಣದಿಂದ ಬರುತ್ತಿತ್ತು. ಬೆನ್ನು ತೆಂಕಣಕ್ಕೆ ಮಾಡಿ ನಿಂತು ಎಡಗೈ ಚಾಚಿದರೆ ಕಾಸರಗೋಡಿನ ದಿಕ್ಕು, ಅದರಾಚೆ ಕಡಲು. ಟೀವಿಯಲ್ಲಿ ಸುಳಿಯ ಚಿತ್ರ ಬರುತ್ತಲೇ ಇತ್ತು, ನಾನೇನೂ ಹೊಸದು ಕಂಡುಹಿಡಿಯಲಿಲ್ಲ. ಆದರೂ ಅಂಗಳದಲ್ಲಿ ನಿಂತು ಚಂಡಮಾರುತಕ್ಕೆ ಕೈ ತೋರಿಸಿದ ಸುಖ ಬೇರೆ.

ಮಾವ ಹೇಳಿದ ಫೆಬ್ರವರಿ, ಮಾರ್ಚ್ ಪರೀಕ್ಷೆಗೆ ದುಡ್ಡಿನ ಬಿಸಿಯೂ ಇದೆ. ರೊಬಸ್ಟಾ ಗಿಡದ ಮೊಗ್ಗು ಅರಳಬೇಕಾದರೆ ಒಂದು ಇಂಚಿನಷ್ಟಾದರೂ ಹೂಮಳೆ ಬೇಕು; ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಅರ್ಧಂಬರ್ಧ ಬಿದ್ದರೆ ಹೂ ಅರ್ಧಂಬರ್ಧ. ಸ್ಪ್ರಿಂಕ್ಲರ್ ಇದ್ದವರು ಡೀಸೆಲ್ ಸುರಿದು ನೀರು ಹಾಯಿಸಬೇಕೋ, ಮಳೆಗೆ ಕಾಯಬೇಕೋ ಅನ್ನುವ ತೀರ್ಮಾನ ಒಂದು ವಾರದೊಳಗೆ ಆಗಬೇಕು. ಇಲ್ಲಿ ನನಗೆ ಕೈಹಿಡಿದ ನಾವಿಕರ ಲಕ್ಷಣ ಒಂದೇ: ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ನಡು ಎತ್ತರದಲ್ಲಿ ಕೋಟೆಗೋಡೆಯ ಹಲ್ಲುಗಳಂತೆ ಮೇಲಕ್ಕೆ ಮೊಳೆತ ಸಣ್ಣ ಮೋಡಗಳ ಸಾಲು. ಮೇಲಿನ ಗಾಳಿ ಅಸ್ಥಿರವಾಗಿದೆ, ತೇವವೂ ಇದೆ ಅನ್ನುವುದರ ಗುರುತು ಅದು. ಮಧ್ಯಾಹ್ನದ ಬಿಸಿಲು ನೆಲದ ಗಾಳಿಯನ್ನು ಅಲ್ಲಿಯವರೆಗೆ ಎತ್ತಿದರೆ ಗುಡುಗು. ಈ ಕಾರಣ ಬ್ರಿಸ್ಟಲಿಗೂ ವಿರಾಜಪೇಟೆಗೂ ಒಂದೇ ಆದ್ದರಿಂದ ಲಕ್ಷಣವೂ ಎರಡೂ ಕಡೆ ನಡೆಯುತ್ತದೆ. ಆದರೆ ಗುಡುಗು ನಮ್ಮ ತೋಟದ ಮೇಲೋ ಪಕ್ಕದ ಗುಡ್ಡದ ಮೇಲೋ ಅನ್ನುವುದನ್ನು ಯಾವ ಮೋಡವೂ ಹೇಳುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ "ಮಳೆ" ಅಂತ ಬರೆಯುವುದನ್ನು ಬಿಟ್ಟು "ಸುತ್ತಮುತ್ತ ಗುಡುಗು, ನಮಗೆ ಬರುವುದು ಅರ್ಧಕ್ಕರ್ಧ" ಅಂತ ಬರೆಯಲು ಕಲಿತೆ. ಮಾವನಿಗೆ ಇದು ನುಣುಚಿಕೊಳ್ಳುವ ಉತ್ತರ ಅನ್ನಿಸುವುದಿಲ್ಲ. "ಹಡಗಿನ ಬ್ರಿಡ್ಜಿನಲ್ಲಿ ನಿಂತವ ಖಂಡಿತ ಅಂದರೆ ನನಗೆ ಹೆದರಿಕೆ ಆಗ್ತಿತ್ತು" ಅನ್ನುತ್ತಾರೆ.

ಇನ್ನು ಜಾಗ ಗುರುತಿಸುವ ಭಾಗ. ಇದರಲ್ಲಿ ಬೆಟ್ಟ ದೊಡ್ಡ ಅಡ್ಡಿ. ಸೆಕ್ಸ್ಟೆಂಟಿನಲ್ಲಿ ಸೂರ್ಯನನ್ನು ಇಳಿಸಿ ಕೂರಿಸಲು ಕಡಲಿನ ದಿಗಂತ ಬೇಕು, ನಮಗಿರುವುದು ಮಾವಿನ ಮರ ಮತ್ತು ಗುಡ್ಡ. ಇದಕ್ಕೆ ಹಳೆಯ ಭೂಶೋಧಕರ ಉಪಾಯ ಉಂಟು: ಅಗಲ ತಟ್ಟೆಯಲ್ಲಿ ದ್ರವ ತುಂಬಿ ನೆಲದ ಮೇಲಿಡುವುದು. ದ್ರವದ ಮೇಲ್ಮೈ ತಾನಾಗಿಯೇ ಸಮಮಟ್ಟ. ಆಕಾಶದ ಸೂರ್ಯನನ್ನು ತಟ್ಟೆಯಲ್ಲಿ ಕಾಣುವ ಸೂರ್ಯನ ಮೇಲೆ ತಂದು ಕೂರಿಸಿದರೆ ಸಿಗುವ ಕೋನ ನಿಜವಾದ ಎತ್ತರದ ಎರಡು ಪಟ್ಟು. ಅರ್ಧ ಮಾಡಿದರೆ ಆಯಿತು, ತಪ್ಪೂ ಅರ್ಧವಾಗುತ್ತದೆ. ಅವರು ಪಾದರಸ ಬಳಸುತ್ತಿದ್ದರು. ನನ್ನದು ಬೈಕಿನಿಂದ ತೆಗೆದ ಕಪ್ಪು ಎಂಜಿನ್ ಎಣ್ಣೆ. ಸೆಕ್ಸ್ಟೆಂಟಿನ ಕಪ್ಪು ಗಾಜುಗಳನ್ನು ಎರಡೂ ಕಡೆ ಹಾಕಿಕೊಳ್ಳದೆ ನೋಡಲೇಬಾರದು, ಕಣ್ಣು ಹೋಗುತ್ತದೆ.

ತೋಟದ ಕೆಲಸಕ್ಕೆ ಬರುವ ಅಕ್ಕನೊಬ್ಬರು ಮೊದಲ ಸಲ ಇದನ್ನು ನೋಡಿ ಕೇಳಿದರು: "ಎಣ್ಣೆಯಲ್ಲಿ ಎಂಥ ಕಾಣ್ತದೆ?"

"ಸೂರ್ಯ."

"ಮೇಲೆ ನೋಡಿದ್ರೂ ಕಾಣ್ತದಲ್ಲ!"

ಉತ್ತರ ಕೊಡಲು ಸುಮಾರು ಅರ್ಧ ಗಂಟೆ ಬೇಕಾಗಿತ್ತು, ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಈ ಎಣ್ಣೆ ದಿಗಂತಕ್ಕೆ ಕೊಡಗಿನಲ್ಲಿ ತನ್ನದೇ ಋತು ಇದೆ. ಸೆಕ್ಸ್ಟೆಂಟ್ ಅಳೆಯುವುದು ಹೆಚ್ಚೆಂದರೆ 120 ಡಿಗ್ರಿ ಚಿಲ್ಲರೆ. ಎರಡು ಪಟ್ಟಾದ ಕೋನ ಅದರೊಳಗಿರಬೇಕೆಂದರೆ ಮಧ್ಯಾಹ್ನದ ಸೂರ್ಯ ಅರುವತ್ತು ಡಿಗ್ರಿಗಿಂತ ಕೆಳಗಿರಬೇಕು. ಮಡಿಕೇರಿಯ ಅಕ್ಷಾಂಶ 12°25′. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಆಗ ಏನೂ ಮಾಡುವಂತಿಲ್ಲ. ನವೆಂಬರ್ ಎರಡನೇ ವಾರದಿಂದ ಜನವರಿ ಕೊನೆಯವರೆಗೆ ಮಾತ್ರ ಅವಕಾಶ. ಅದೃಷ್ಟಕ್ಕೆ ಆಕಾಶ ತಿಳಿಯಾಗಿರುವುದೂ ಆಗಲೇ, ಕಾಫಿ ಕಣದಲ್ಲಿ ಸಮತಟ್ಟಾದ ಜಾಗ ಸಿಗುವುದೂ ಆಗಲೇ. ಡಿಸೆಂಬರ್ 22ರ ಸುಮಾರಿಗೆ ಕೋನ 108 ಡಿಗ್ರಿಯ ಹತ್ತಿರ ಬರುತ್ತದೆ. ಅರ್ಧ ಮಾಡಿ, ತೊಂಬತ್ತರಿಂದ ಕಳೆದು, ಅಂದಿನ ಸೂರ್ಯನ ಕ್ರಾಂತಿ, ಅಂದರೆ ಸೂರ್ಯ ಭೂಮಧ್ಯರೇಖೆಯಿಂದ ತೆಂಕಣಕ್ಕೆ ಸರಿದಿರುವ ಕೋನ, 23°26′ ಕಳೆದರೆ ಹನ್ನೆರಡೂವರೆಗೆ ಸ್ವಲ್ಪ ಕಡಿಮೆ. ಸಲಕರಣೆಯ ತಿದ್ದುಪಡಿ ಮಾಡಿದ ಮೇಲೆ ಉಳಿಯುವ ತಪ್ಪಿನ ಒಂದೊಂದು ಕಲೆಯೂ (ಡಿಗ್ರಿಯ ಅರುವತ್ತನೇ ಒಂದು ಭಾಗ) ನೆಲದ ಮೇಲೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ನನ್ನ ಲೆಕ್ಕ ಕೆಲವೊಮ್ಮೆ ಪಕ್ಕದ ತೋಟಕ್ಕೆ ಬೀಳುತ್ತದೆ, ಕೆಲವೊಮ್ಮೆ ಪಕ್ಕದ ಹೋಬಳಿಗೆ.

ಪುಸ್ತಕದ ಗಂಟೆಗೂ ಸೂರ್ಯನ ಗಂಟೆಗೂ ಜಗಳ ಇರುವುದು ಇದೇ ಅಭ್ಯಾಸದಲ್ಲಿ ಕಾಣುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75.7ರಲ್ಲಿ. ನವೆಂಬರ್ ಮೊದಲಲ್ಲಿ ಮಡಿಕೇರಿಗೆ ನಿಜವಾದ ನಡುಹಗಲು 12 ಗಂಟೆ 11 ನಿಮಿಷಕ್ಕೆ, ಫೆಬ್ರವರಿ ನಡುವಿಗೆ 12 ಗಂಟೆ 41 ನಿಮಿಷಕ್ಕೆ.

ರಾತ್ರಿಯ ಪಾಠಕ್ಕೆ ನಮಗೆ ಸಿಕ್ಕ ದೊಡ್ಡ ದೀಪ ಅಗಸ್ತ್ಯ. ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೊಳೆಯುವ ನಕ್ಷತ್ರ. ಯುರೋಪಿನ ಬಹುಭಾಗಕ್ಕೆ ಅದು ಕಾಣುವುದೇ ಇಲ್ಲ, ನಮಗೆ ದಕ್ಷಿಣದಲ್ಲಿ ಇಪ್ಪತ್ತೈದು ಡಿಗ್ರಿಯವರೆಗೆ ಏರುತ್ತದೆ. ಆಗಸ್ಟಿನಲ್ಲೇ ಬೆಳಗಿನ ಜಾವ ಮೂಡಲು ಶುರುವಾಗಿರುತ್ತದೆ, ಮೋಡದಿಂದಾಗಿ ನಾವು ನೋಡುವುದು ತಡ. ಅಗಸ್ತ್ಯೋದಯವಾದರೆ ಕಲಕಿದ ನೀರು ತಿಳಿಯಾಗುತ್ತದೆ ಅನ್ನುವ ಹಳೆಯ ನಂಬಿಕೆ ಮಳೆಗಾಲದ ಲೆಕ್ಕಕ್ಕೆ ಸರಿಯಾಗಿಯೇ ಕೂರುತ್ತದೆ. ಲೆಕ್ಕ ಹಾಕುತ್ತಾ ಕೂತಾಗ ಎದುರಾದ ಒಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಅಕ್ಟೋಬರ್ 17ರ ಹೊತ್ತಿಗೆ, ತುಲಾ ಸಂಕ್ರಮಣದ ಬೆಳಗಿನ ಜಾವ ಐದರ ಸುಮಾರಿಗೆ, ಅಗಸ್ತ್ಯ ಸರಿಯಾಗಿ ತೆಂಕಣ ದಿಕ್ಕಿನಲ್ಲಿ ತನ್ನ ಪೂರ್ತಿ ಎತ್ತರದಲ್ಲಿರುತ್ತಾನೆ. ಕಮಂಡಲದಿಂದ ಕಾವೇರಿ ಹೊರಟ ಕತೆಯ ಋಷಿ, ಆಕೆ ತೀರ್ಥವಾಗಿ ಉಕ್ಕುವ ದಿನದ ನಸುಕಿನಲ್ಲಿ, ದಿಕ್ಸೂಚಿಯೇ ಬೇಡದಂತೆ ದಕ್ಷಿಣ ತೋರಿಸುತ್ತಾ ನಿಂತಿರುತ್ತಾನೆ. ಕತೆಗೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ನಕ್ಷತ್ರಗಳ ಋತು ಸಾವಿರಾರು ವರ್ಷಗಳಲ್ಲಿ ಜಾರುತ್ತದೆ ಅಂತ ಮೇಲೆ ನಾನೇ ಬರೆದಿದ್ದೇನೆ. ಆದರೆ ನಮ್ಮ ಸುಗ್ಗಿಹಬ್ಬ ಪುತ್ತರಿಯ ವಿಷಯದಲ್ಲಿ ಸಂಬಂಧ ನೇರ: ಕದಿರು ತೆಗೆಯುವ ಹೊತ್ತನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿ ಮಾಡುವಾಗ ನೋಡುವುದು ರೋಹಿಣಿ ನಕ್ಷತ್ರ. ಆ ಇರುಳು ತುಂಬಿದ ಚಂದ್ರನ ಪಕ್ಕದ ಕೆಂಪು ಚುಕ್ಕೆ ನೋಡಿದರೆ ಅದೇ ರೋಹಿಣಿ.

ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ನಾವಿರುವ ಅಕ್ಷಾಂಶ. ಅರಬ್ಬೀ ಸಮುದ್ರದ ನಾವಿಕರು ಇದನ್ನು ಅಳೆಯಲು ಕಮಾಲ್ ಎಂಬ ಸಣ್ಣ ಹಲಗೆ ಬಳಸುತ್ತಿದ್ದರು. ಹಲಗೆಯ ನಡುವಿನಿಂದ ಒಂದು ದಾರ, ದಾರದಲ್ಲಿ ಬಂದರಿಗೊಂದು ಗಂಟು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರ ಬಿಗಿದಾಗ ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗಿದರೆ ಆ ಬಂದರಿನ ಅಕ್ಷಾಂಶಕ್ಕೆ ಬಂದಾಯಿತು. ಆಮೇಲೆ ನೇರ ಮೂಡಣಕ್ಕೆ ಹಾಯಿ ಕಟ್ಟುವುದು. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವ್ಯಾಪಾರಿ ಬೆನ್ ಯಿಜುವಿನ ಮಾಲು ಏಡನ್ನಿಗೆ ಹೋಗಿ ಬರುತ್ತಿದ್ದುದು ಇಂಥ ಹಾಯಿಹಡಗುಗಳಲ್ಲಿ. ಮಾಲಿನಲ್ಲಿ ಕಾಳುಮೆಣಸೂ ಇತ್ತು. ನಾನೂ ಸಿಲ್ವರ್ ಓಕ್ ಚೂರಿನಲ್ಲಿ ಒಂದು ಕಮಾಲ್ ಮಾಡಿ ಮಂಗಳೂರಿಗೆ ಒಂದು ಗಂಟು ಹಾಕಿದ್ದೇನೆ. ಮುಸ್ಸಂಜೆಯಲ್ಲಿ, ನಕ್ಷತ್ರ ಕಾಣಿಸಿ ದಿಗಂತ ಇನ್ನೂ ಅಳಿಯದ ಸ್ವಲ್ಪವೇ ಹೊತ್ತಿನಲ್ಲಿ ದೋಣಿಯಿಂದ ಅಳೆಯಬೇಕು. ಅಲೆಯ ಮೇಲೆ ಕೂತು ದಾರ ಕಚ್ಚಿಕೊಂಡು ನೋಡಿದರೆ ಆ ಮನುಷ್ಯರ ಮೇಲೆ ಗೌರವ ತಾನಾಗಿ ಹುಟ್ಟುತ್ತದೆ. ಅವರ ಕಾಲದಲ್ಲಿ ಧ್ರುವ ನಕ್ಷತ್ರ ಧ್ರುವದಿಂದ ಮೂರೂವರೆ ಡಿಗ್ರಿಗೂ ಹೆಚ್ಚು ದೂರ ಇತ್ತು ಅನ್ನುವುದನ್ನು ಸೇರಿಸಿದರೆ ಇನ್ನೂ ಹೆಚ್ಚು.

ಬೆಟ್ಟದಲ್ಲಿ ಕಲಿಯಲಾಗದ್ದನ್ನು ಹೇಳಿಕೊಟ್ಟವರು ದಕ್ಕೆಯಲ್ಲಿ ಸಿಕ್ಕ ಮೊಗವೀರ ಹಿರಿಯರೊಬ್ಬರು. ಎಂಜಿನ್ ಬರುವ ಮೊದಲು ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳಿದ ತಲೆಮಾರಿನವರು. ನಾನು ಮೋಡದ ಬಗ್ಗೆ ಉತ್ಸಾಹದಿಂದ ಮಾತಾಡುತ್ತಿದ್ದರೆ ಅವರು ನಕ್ಕರು. "ಮೋಡ ಮತ್ತೆ ನೋಡುವ ಅಕ್ಕ. ಮೊದಲು ಅಲೆ ಎಣಿಸಿ. ಗಾಳಿ ಇಲ್ಲದೆ ಉದ್ದದ ಅಲೆ ಬರ್ತಾ ಉಂಟಾದರೆ ಎಲ್ಲಿಯೋ ದೂರದಲ್ಲಿ ಗಲಾಟೆ ಉಂಟು ಅಂತ." ಇಲ್ಲಿನ ಗಾಳಿ ಎಬ್ಬಿಸಿದ ಅಲೆ ನಾಲ್ಕೈದು ಸೆಕೆಂಡಿಗೊಂದು ಬರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿ ಸಾವಿರಾರು ಕಿಲೋಮೀಟರ್ ಪ್ರಯಾಣಿಸಿ ಬಂದದ್ದು ಹದಿನೈದು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಬರುತ್ತದೆ. ಏಪ್ರಿಲ್, ಮೇನಲ್ಲಿ ಆಕಾಶ ನಿರ್ಮಲವಾಗಿರುವಾಗಲೇ ಕೇರಳದ ತೀರಕ್ಕೆ ನೀರು ನುಗ್ಗುವ ಕಳ್ಳಕ್ಕಡಲ್ ಇದೇ ಅಲೆಗಳ ಕೆಲಸ; ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಈಗ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಅಲೆಯ ಪಾಠಕ್ಕೆ ಕೊಡಗಿನಲ್ಲಿ ಬದಲಿ ಏನೂ ಇಲ್ಲ. ಹಾರಂಗಿ ಹಿನ್ನೀರಿಗೆ ದಕ್ಷಿಣ ಸಾಗರದ ಸುದ್ದಿ ಮುಟ್ಟುವುದಿಲ್ಲ.

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿಗೆ ನನ್ನ ಹತ್ತಿರ ಭಾವುಕ ಉತ್ತರ ಇಲ್ಲ. ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ ನಕ್ಷತ್ರ ಪಾಠವನ್ನು 2015ರಲ್ಲಿ ಮತ್ತೆ ಶುರು ಮಾಡಿತು. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಯಲ್ಲಿ ಜಿಪಿಎಸ್ ಸಂಕೇತಗಳನ್ನು ಕೆಡಿಸುವುದು ಈಗ ಸಾಮಾನ್ಯ ಸುದ್ದಿ. 1968ರ ತಂತ್ರಜ್ಞಾನ ಮಾತ್ರ ಬಳಸಿ ಒಂಟಿಯಾಗಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಓಟದಲ್ಲಿ ನಮ್ಮ ಅಭಿಲಾಷ್ ಟೋಮಿ 2018ರಲ್ಲಿ ಹಾಯಿಕಂಬ ಮುರಿದು ಬೆನ್ನಿಗೆ ಪೆಟ್ಟಾಗಿ ಸಾವಿನ ಬಾಯಿಗೆ ಹೋಗಿ ಬಂದರು. ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ಹಲಗೆಗಳನ್ನು ಹಗ್ಗದಲ್ಲಿ ಹೊಲಿದು ಕಟ್ಟಿದ, ಎಂಜಿನ್ ಇಲ್ಲದ ಹಾಯಿಹಡಗು ಕೌಂಡಿನ್ಯ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಮಸ್ಕತ್ತಿಗೆ ಹೊರಡಲು ಅವರು ಡಿಸೆಂಬರ್ ಆರಿಸಿಕೊಂಡದ್ದು ಯಾಕೆ ಅಂತ ಯಾವ ಹಳೆಯ ನಾವಿಕನೂ ಹೇಳಿಯಾನು: ಈಶಾನ್ಯದ ಗಾಳಿ ಬೆನ್ನಿಗಿರುವ ಕಾಲ ಅದು. ನಾನಂತೂ ದೋಣಿಗೆ ಹೋಗುವಾಗ ನೀರು ಹೋಗದ ಚೀಲದಲ್ಲಿ ಜಿಪಿಎಸ್ ಇಟ್ಟುಕೊಂಡೇ ಹೋಗುತ್ತೇನೆ. ಮೊದಲು ನನ್ನ ಲೆಕ್ಕದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ, ಆಮೇಲೆ ಚೀಲ ತೆರೆಯುವುದು ನಮ್ಮ ನಿಯಮ. ಗೆಳತಿ ಎರಡರ ನಡುವಿನ ದೂರವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತಾಳೆ, ಬಹಳ ಖುಷಿಯಿಂದ.

ಶುರು ಮಾಡಬೇಕು ಅನ್ನುವವರು ಸೆಕ್ಸ್ಟೆಂಟ್ ಕೊಳ್ಳಲು ಹೋಗಬೇಡಿ, ದುಬಾರಿ. ಗೆರೆ ಹಾಕಿದ ಒಂದು ಪುಸ್ತಕ, ಮನೆಯಲ್ಲಿ ಹೇಗೂ ಇರುವ ಮಳೆಮಾಪಕ, ಎತ್ತರ ತೋರಿಸುವ ಒಂದು ಕೈಗಡಿಯಾರ ಇದ್ದರೆ ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು. ಎಣ್ಣೆ ತಟ್ಟೆಯ ಮಟ್ಟಕ್ಕೆ ಬಂದವರಿಗೆ ಒಂದೇ ಎಚ್ಚರಿಕೆ. ಸಮತಟ್ಟಾಗಿದೆ ಅಂತ ಅದನ್ನು ಕಾಫಿ ಒಣಗುತ್ತಿರುವ ಕಣದ ಹತ್ತಿರ ಮಾತ್ರ ಇಡಬೇಡಿ. ಕಾಫಿ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಎಂಜಿನ್ ಎಣ್ಣೆ ನಾರುವ ಕಾಫಿಗೆ ರೇಟು ಕೇಳುವವರಿಲ್ಲ.